ತಲೆಗಂದಾಯ ಬೇಡವೆಂದವನ ಮನೆ

ವಿಲ್ಗಾ ಚಿನ್ನದ ಗಣಿ, ವಿಕ್ಟೋರಿಯಾ
ನವೆಂಬರ್ ೧೮೫೭

ಪ್ರೀತಿಯ ಜೇಬೆಜ್,

ನಾನೂ ಮಗಳೂ ಕ್ಷೇಮವಾಗಿದ್ದೇವೆ. ಮೊದಲು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಿ.

ಚೀನೀಯರ ಮೇಲಿನ ತಲೆಗಂದಾಯವನ್ನು ನೀವು ಮೆಲ್ಬರ್ನಿನ ಶಾಸನಸಭೆಯಲ್ಲಿ ವಿರೋಧಿಸಿದ ಸುದ್ದಿ ಶುಕ್ರವಾರ ಇಲ್ಲಿಗೆ ಮುಟ್ಟಿತು. ಸಂಜೆಗೆ ಗಣಿಯವರು ಬಂದು ಕಿಟಕಿಗಳನ್ನೆಲ್ಲ ಒಡೆದರು. ಚುನಾವಣೆಯಲ್ಲಿ ನಿಮ್ಮನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ಟ್ರೆಗಿಯರನೇ ಮುಂದಿದ್ದ.

"ಕಾರ್ನ್‌ವಾಲಿಂದ ಒಂದೇ ಹಡಗಲ್ಲಿ ಬಂದೋರು ನಾವು. ನಿನ್ನ ಗಂಡನ್ನ ಕಳಿಸಿದ್ದು ನಮ್ಮ ಪರ ಮಾತಾಡೋಕೋ, ಆ ಜಡೆ ಚೀನೀಯರ ಪರವೋ?" ಎಂದು ಕೂಗಿದ.

"ಗಣಿ ಕುಸಿದಾಗ ನನ್ನ ಗಂಡನ್ನ ಮಣ್ಣಿಂದ ಎಳೆದು ತೆಗೆದೋನು ಆ ಚೀನೀಯರಲ್ಲೊಬ್ಬ, ಲ್ಯೂಂಗ್. ಆವತ್ತು ನೀನೇ ಅವನನ್ನ ತಬ್ಬಿಕೊಂಡು ಅತ್ತಿದ್ದೆ, ಟ್ರೆಗಿಯರ್" ಎಂದೆ.

ಅವನು ತಲೆ ತಗ್ಗಿಸಿದ. ಆದರೂ ಕೈಯಲ್ಲಿದ್ದ ಕಲ್ಲನ್ನು ಎಸೆದೇ ಹೋದ.

ಮರುದಿನ ಲ್ಯೂಂಗ್ ಗೋಣಿತಾಟು ತಂದು ಕಿಟಕಿಗಳಿಗೆ ಹೊಡೆದುಕೊಟ್ಟ. ತನ್ನವರೊಂದಿಗೆ ಊರು ಬಿಡುತ್ತಿದ್ದಾನಂತೆ. "ಯಜಮಾನರು ಬೇಡ ಅಂದರೂ ಕಂದಾಯ ಬಂದೇ ಬಂತಲ್ಲಮ್ಮ" ಎಂದ.

ಸಭೆಯಲ್ಲಿ ವಿರೋಧಿಸುವ ಮೊದಲು ನೀವು ನನ್ನನ್ನು ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲವೆಂದು ಗೊತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಬರುವಾಗ ಮೆಲ್ಬರ್ನಿನಿಂದ ಕಿಟಕಿಗೆ ಗಾಜು ತನ್ನಿ. ನೀವು ಹಳ್ಳದ ಹತ್ತಿರ ಇಳಿದು ಹಿಂದಿನ ದಾರಿಯಿಂದ ಮನೆ ಸೇರಿಕೊಳ್ಳಬೇಕೆಂದು ಪಾದ್ರಿಗಳು ಹೇಳಿಕಳಿಸಿದ್ದಾರೆ. ಬೇಡ. ಹಗಲಿನ ಗಾಡಿಯಲ್ಲೇ ಬಂದು, ಹೋಟೆಲಿನ ಮುಂದೆ ಎಲ್ಲರ ಎದುರಿಗೇ ಇಳಿಯಿರಿ. ಮಗಳನ್ನು ಕರೆದುಕೊಂಡು ನಾನು ಅಲ್ಲೇ ನಿಂತಿರುತ್ತೇನೆ.

ನಿಮ್ಮ
ಟ್ಯಾಮ್ಸಿನ್