ಹೊಳೆಯ ಆಚೆ ನಿಂತ ಹಸುಗಳು

ನ್ಯಾಬುಶೋಜಿ, ಉಗಾಂಡಾ
9 ಜೂನ್ 1968

ಪ್ರೀತಿಯ ಅಳಿಯ ಮುಗುಮ್ಯನಿಗೆ,

ಮೊನ್ನೆ ನಾನು ಒಲೆಯ ಕೆಂಡ ಊದಿದ ರಭಸಕ್ಕೆ ಆಚೆ ಗುಡ್ಡದ ಮೂರು ಗುಡಿಸಲುಗಳ ಹುಲ್ಲು ಹಾರಿಹೋಯಿತು. ಇಂಥ ಎದೆ ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ತಿಳಿದು ನಿಶ್ಚಿಂತನಾಗಿರು. ನೀನು ಹೇಗಿದ್ದೀಯೆ? ಗುಲುವಿನ ಹತ್ತಿ ಗಿರಣಿಯಲ್ಲಿ ಧೂಳು ಬಹಳ ಎಂದು ಬರೆದಿದ್ದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ. ಕುಡಿಯಲು ಹಾಲು ಸಿಗುತ್ತದೆಯೋ, ಬರೀ ಚಹಾದಲ್ಲೇ ದಿನ ಕಳೆಯುತ್ತೀಯೋ? ನಿನ್ನ ತಾಯಿ ಚೆನ್ನಾಗಿದ್ದಾಳೆ. ನನ್ನನ್ನು ದಿನಕ್ಕೆರಡು ಸಲ ಬೈಯುವಷ್ಟು ಚೆನ್ನಾಗಿದ್ದಾಳೆ.

ನಿನ್ನ ತಂಗಿ ಕೆಂಗಾಂಜಿಯನ್ನು ಮುಂದಿನ ತಿಂಗಳು ಗಂಡನ ಮನೆಗೆ ಕಳಿಸುತ್ತೇವೆ. ಸೋದರಮಾವನಾದ ನಾನು ಭರ್ಜಿ ಹಿಡಿದು ನಿಂತು ನನ್ನ ಪೌರುಷದ ಪದ್ಯ ಹೇಳಬೇಕು. ಚಿಕ್ಕಂದಿನಲ್ಲಿ ನಿನ್ನನ್ನು ಕುತ್ತಿಗೆಯವರೆಗೆ ನೀರಿನಲ್ಲಿ ನಿಲ್ಲಿಸಿ ಕಲಿಸಿದ್ದೆನಲ್ಲ: ಗಬಕ್ಕನೆ ಒಳಗೆಳೆದುಕೋ, ತುಪ್ಪ ಬಗ್ಗಿಸಿದ ಹಾಗೆ ಸಣ್ಣಗೆ ಹೊರಗೆ ಬಿಡು, ಒಂದು ಪದ್ಯಕ್ಕೆ ಒಂದೇ ಉಸಿರು, ಕೊನೆಗೆ ಬೆರಳು ಚಿಟಿಕೆ ಹೊಡೆದು, ಕೂತವರು ಮೆಚ್ಚಿ ‘ಈಈ’ ಎನ್ನುವಷ್ಟರಲ್ಲಿ ಮುಂದಿನದಕ್ಕೆ ತುಂಬಿಕೋ. ನೀನು ನೀರು ಕುಡಿದು ಕೆಮ್ಮಿದರೆ ನಿನ್ನ ಅತ್ತೆ ಕೆಮಿರೆಂಬೆ ದಡದಿಂದ ನನಗೆ ಸಗಣಿ ಎಸೆಯುತ್ತಿದ್ದಳು.

ಹೋದ ತಿಂಗಳು ನೆರೆಮನೆಯ ರುಟಾಫನ ಮಗನ ಮದುವೆ. ಶತ್ರುಗಳಿಂದ ಗೆದ್ದ ಹಸುಗಳನ್ನು ಹೊಡೆದುಕೊಂಡು ಹೊಳೆಯವರೆಗೆ ಬಂದಿದ್ದೆ, ಪದ್ಯದಲ್ಲಿ. ಎಂದೂ ಇಲ್ಲದ್ದು, ಅಲ್ಲಿ ಉಸಿರು ಮುಗಿಯಿತು. ನಿಲ್ಲಿಸಿದೆ. ಪದ್ಯ ಮುಗಿಯಿತೆಂದುಕೊಂಡು ಎಲ್ಲರೂ ಮರ್ಯಾದೆಯಿಂದ ‘ಈಈ’ ಅಂದುಬಿಟ್ಟರು. ಆಮೇಲೆ ರುಟಾಫ ನನಗೆ ಹಾಲಿನ ಸೋರೆಬುರುಡೆ ಕೊಡುತ್ತ, “ಏನ್ ಕರುಗಾಬಾ, ಹಸುಗಳ್ನ ಆಚೆ ದಡದಲ್ಲೇ ಬಿಟ್ ಬಂದ್ಯಲ್ಲೋ, ಅವುಗಳ್ನ ಯಾರ್ ಕಾಯ್ತಾರೆ?” ಅಂದ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅದಕ್ಕೂ ಉಸಿರು ಸಾಲಲಿಲ್ಲ.

ಔಷಧಾಲಯದ ದಾದಿ ನನ್ನ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಆಲಿಸಿದಳು. ಹಳೆಯ ಕೆಮ್ಮು ಒಂದು ಕಡೆಯ ಶ್ವಾಸಕೋಶವನ್ನು ತಿಂದುಹಾಕಿದೆಯಂತೆ. “ಒಳಗೆ ಹೋಗೋ ಗಾಳಿ ಜೀವಕ್ಕೆ, ಅಜ್ಜ. ಅದೇ ಹೊರಗೆ ಬರೋವಾಗ ಮಾತು ಅದರ ಬೆನ್ನೇರತ್ತೆ. ನಿಮಗಿರೋದು ಬದುಕೋಕೆ ಸಾಕು, ಮೆರೆಯೋಕೆ ಸಾಲದು,” ಎಂದಳು. ಬಿಡು, ಹುಡುಗಿಗೆ ಏನು ಗೊತ್ತು. ಆದರೆ ಬದುಕುವುದಕ್ಕಷ್ಟೇ ಉಸಿರಾಡುವುದು ಎಷ್ಟು ಬೇಸರದ ಕೆಲಸ ಎಂದು ನಿನ್ನ ಅತ್ತೆ ತೀರಿದ ಮೇಲೆ ತಿಳಿದಿದ್ದೇನೆ. ಗಾಳಿ ಬರುತ್ತದೆ, ಹೋಗುತ್ತದೆ. ಹೋಗುವಾಗ ಒಂದು ಮಾತನ್ನಾದರೂ ಹೊತ್ತೊಯ್ಯಲಿ ಎಂದರೆ ಎದುರಿಗೆ ಯಾರೂ ಕೂತಿರುವುದಿಲ್ಲ. ಹಸುಗಳಿಗೆ ಹೇಳುತ್ತೇನೆ. ಅವು ‘ಈಈ’ ಅನ್ನುವುದಿಲ್ಲ.

ನಿನ್ನ ಹಟ್ಟಿ ತುಂಬಲಿ, ನಿನ್ನ ಎದೆ ಗಟ್ಟಿಯಾಗಿರಲಿ.

ನಿನ್ನ ಸೋದರಮಾವ,
ಕರುಗಾಬಾ

ಮರೆತಿದ್ದೆ: ಹೇಗಾದರೂ ರಜೆ ಕೇಳಿ ಬಾ. ಒಬ್ಬನ ಪದ್ಯವನ್ನು ಇನ್ನೊಬ್ಬ ಹೇಳುವುದು ನಮ್ಮಲ್ಲಿಲ್ಲ, ಬಲ್ಲೆ. ಆದರೂ ನನ್ನ ಬೆನ್ನಿಗೆ ಅಂಟಿಕೊಂಡು ನಿಲ್ಲು. ನನ್ನ ಪದ್ಯ ನಿಂತಲ್ಲಿ ಕೂದಲೆಳೆಯಷ್ಟೂ ಸಂದು ಬಿಡದೆ ನೀನು ಮುಂದಿನ ಪದ ಹಿಡಿದುಕೋ. ಕೆಂಗಾಂಜಿಯ ಬೀಗರ ಮುಂದೆ ನನ್ನ ಮಾತು ಅರ್ಧಕ್ಕೆ ಬೀಳಬಾರದು. ಒಂದು ಉಸಿರಿಗೆ ಮೂವತ್ತೆರಡು ಪದ ಹೇಳುತ್ತಿದ್ದೆ. ಇನ್ನೂ ಇಪ್ಪತ್ತು ಉಳಿದಿವೆ ಎಂದು ನಿನ್ನ ತಾಯಿಗೆ ಹೇಳಿದ್ದೇನೆ. ಸುಳ್ಳು. ಉಳಿದಿರುವುದು ಆರು. ಹೋದದ್ದು ಇಪ್ಪತ್ತಾರು.