ಒಂದು ಮಾರಿಗೆ ಗೇಣು ಕಡಿಮೆ

ವುನಾಲಿರ್, ಕೊಕೊಪೊ ಹತ್ತಿರ
9 ಆಗಸ್ಟ್ 2009, ಭಾನುವಾರ

ಪ್ರೀತಿಯ ಸಾಲನಿಯೆತಾ,

ನಾನು ಕ್ಷೇಮ. ನೀನೂ ನಿನ್ನ ಮೊಣಕಾಲುಗಳೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಗಂಡ ತೀರಿಕೊಂಡ ಸುದ್ದಿ ಕೇಳಿ ನೀನು ಬರೆದ ಕಾಗದ ಕೈಸೇರಿ ಮೂರು ತಿಂಗಳಾಯಿತು. ದುಃಖದಲ್ಲಿ ಉತ್ತರ ಬರೆಯಲಾಗಲಿಲ್ಲ ಎಂದರೆ ನೀನು ನಂಬುತ್ತೀಯ, ಆದರೆ ಅದು ಅರ್ಧ ಸುಳ್ಳು. ಬರೆಯಲು ಕೂತರೆ ಎಲ್ಲವನ್ನೂ ಬರೆಯಬೇಕಾಗುತ್ತದೆಂದು ಮುಂದೆ ಹಾಕಿದೆ, ಅಷ್ಟೇ. ಇವತ್ತು ಭಾನುವಾರ, ನಿಮ್ಮ ಫಿಜಿಯಲ್ಲಿ ‘ತಬು’ ದಿನ. ಬಟ್ಟೆ ಒಗೆಯಬಾರದು, ಅಂಗಳ ಗುಡಿಸಬಾರದು, ನಗುವುದಕ್ಕೂ ಅತ್ತಿತ್ತ ನೋಡಬೇಕು. ಕಾಗದ ಬರೆಯಬಾರದೆಂದು ಮಾತ್ರ ನೀನು ಯಾವತ್ತೂ ಹೇಳಿದ ನೆನಪಿಲ್ಲ, ಅದಕ್ಕೇ ಕೂತಿದ್ದೇನೆ.

ತೊಕೌಲ್ ಹೆಚ್ಚು ನರಳಲಿಲ್ಲ. ಬೆಳಿಗ್ಗೆ ಕುರ್ಚಿಯ ಕಾಲೊಂದನ್ನು ಸರಿಮಾಡಲು ಕೂತವನು, ಎದೆ ಹಿಡಿದುಕೊಂಡಿದೆ ಎಂದ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಶಾಲೆಯ ಬಡಗಿಯಾಗಿ ಮೂವತ್ತು ವರ್ಷ ಊರವರ ಬೆಂಚು ರಿಪೇರಿ ಮಾಡಿದವನು ತನ್ನ ಕುರ್ಚಿಯನ್ನು ಮೂರು ಕಾಲಿನಲ್ಲಿ ಬಿಟ್ಟು ಹೋದ. ಅದನ್ನು ಗೋಡೆಗೆ ಆನಿಸಿಟ್ಟಿದ್ದೇನೆ.

ತಬು ಎಂದು ಬರೆದ ಕೂಡಲೇ, ನೀನು ಇಲ್ಲಿ ಟೀಚರಾಗಿದ್ದಾಗಿನ ನಮ್ಮ ಶಾಲೆಯ ಚಹಾದ ಮೇಜು ಕಣ್ಣ ಮುಂದೆ ಬಂತು. ಆ ಒಂದು ಮಾತಿನ ಮೇಲೆ ನಾವು ಎಷ್ಟು ಮಧ್ಯಾಹ್ನ ಕಳೆದಿಲ್ಲ! ನಿನಗೆ ಅದು ದೇವರ ಪಾಲಿನದು, ಯಾರೂ ಮುಟ್ಟಬಾರದ್ದು. ಈ ಊರಿನ ತೊಲಾಯ್ ಜನಕ್ಕೆ ಅದು ಬೆತ್ತದ ಸೀಳಿಗೆ ಪೋಣಿಸಿದ ಚಿಪ್ಪಿನ ಸರ, ಮದುವೆಗೂ ಸಾವಿಗೂ ಜಗಳ ತೀರಿಸುವುದಕ್ಕೂ ಬೇಕಾದ ಹಣ. ನನ್ನ ಕಿರಿವಿನಾ ದ್ವೀಪದಲ್ಲಿ ಅದು ಅಜ್ಜಿ, ತಾತ, ಅಪ್ಪನ ಅಕ್ಕತಂಗಿಯರು. ಸಂತೆಯಲ್ಲಿ ಎಲ್ಲರೂ ಆಡುವ ಟೋಕ್ ಪಿಸಿನ್‌ನಲ್ಲಿ ಮೂಗಿನಿಂದ ಸ್ವಲ್ಪ ಒತ್ತಿ ‘ತಂಬು’ ಎಂದರೆ ನಾದಿನಿ, ಭಾವ, ಬೀಗರು. ಇಷ್ಟನ್ನೂ ಕೇಳಿ ನೀನು ಚಹಾ ಹೀರುತ್ತಾ, “ಯಾವ ಭಾಷೇಲಾದ್ರೂ ಸರಿ ಕಣೇ, ಸುಮ್‌ಸುಮ್ನೆ ಕೈ ಹಾಕೋ ಹಾಗಿಲ್ಲ” ಅಂದಿದ್ದೆ. ನಿನ್ನ ಮಾತುಗಳಲ್ಲಿ ಬೈಬಲ್ಲಿನದಲ್ಲದೆ ನನಗೆ ನೆನಪಿರುವುದು ಅದೊಂದೇ.

ನೀನೇ ಶಾಲೆಯ ನೀರಿನ ತೊಟ್ಟಿಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ತಬು ಎಂದು ಬರೆದೆಯಲ್ಲ, ಮಕ್ಕಳು ಹತ್ತಬಾರದೆಂದು. ನನ್ನ ಒಬ್ಬಳೇ ಮಗಳು ಇನೋಮ ಆಗಷ್ಟೇ ನಿನ್ನ ಕ್ಲಾಸಿನಲ್ಲಿ ಅಕ್ಷರ ಕಲಿತಿದ್ದಳು. ಅದನ್ನು ಓದಿ, ಸ್ಲೇಟು ಮಡಿಲಲ್ಲಿಟ್ಟುಕೊಂಡು ತೊಟ್ಟಿಯ ಕೆಳಗೆ ಕೂತುಬಿಟ್ಟಿದ್ದಳು. ಯಾಕೆಂದು ಕೇಳಿದರೆ ಅತ್ತೆ ಇಲ್ಲಿಗೇ ಬರುತ್ತಾಳೆ, ಬರೆದಿದೆಯಲ್ಲ ಎಂದಳು. ಅವಳ ಅತ್ತೆ ಎಂದರೆ ಇಯಾವಿನಿರ್, ತೊಕೌಲನ ಅಕ್ಕ. ಶಾಲೆಯ ಬಾಗಿಲಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳಲ್ಲ, ಅವಳೇ. ಮಗು ನನ್ನ ಭಾಷೆಯಲ್ಲಿ ತಬು ಎಂದು ಕೂಗಿದಾಗೆಲ್ಲ ಅವಳು “ಬಂದ್ಲು ನೋಡು, ಸಾಲ ವಸೂಲಿಗೆ” ಎಂದು ಬುಟ್ಟಿಯಿಂದ ಒಂದು ಚಿಪ್ಪು ತೆಗೆದುಕೊಡುತ್ತಿದ್ದಳು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಗು ಅವಳ ಕೈಗೇ ವಾಪಸ್ಸು ಹಾಕುತ್ತಿತ್ತು. ಇನೋಮ ಹೋಗಿ ಇಪ್ಪತ್ತನಾಲ್ಕು ವರ್ಷ. ಅದಿರಲಿ.

(ಗಂಡನ ಅಕ್ಕನ ಹೆಸರನ್ನು ನಾನು ಬಾಯಲ್ಲಿ ಹೇಳುವಂತಿಲ್ಲ, ಅವಳು ನನ್ನದನ್ನು ಹೇಳುವಂತಿಲ್ಲ, ಇಬ್ಬರೂ ತಂಬು ಎಂದೇ ಕರೆದುಕೊಳ್ಳಬೇಕು. ಬರೆಯಬಾರದೆಂದು ಯಾರೂ ಹೇಳಿಲ್ಲವಾದ್ದರಿಂದ ಬರೆದಿದ್ದೇನೆ.)

ಈಗ ಸುದ್ದಿಗೆ ಬರುತ್ತೇನೆ. ತೊಕೌಲನ ಚಿಪ್ಪಿನ ಚಕ್ರ ನಿನಗೆ ಗೊತ್ತು. ಸರದ ಮೇಲೆ ಸರ ಸುತ್ತಿ, ಒಣ ಎಲೆ ಹೊದಿಸಿ, ಲಾರಿ ಟೈರಿನಷ್ಟು ದೊಡ್ಡದು ಮಾಡಿ ನಡುಕೋಣೆಯಲ್ಲಿ ಇಟ್ಟಿದ್ದ. ಈ ಮನೆಗೆ ಅದು ನನಗಿಂತ ಮೊದಲು ಬಂದದ್ದು. ಬದುಕಿರುವವರೆಗೆ ಸುತ್ತುವುದು, ಸತ್ತಮೇಲೆ ಬಿಚ್ಚಿ ಕತ್ತರಿಸಿ ಅತ್ತವರಿಗೆಲ್ಲ ಹಂಚುವುದು. ಹಂಚಿದರೇ ಸತ್ತವನು ಮನುಷ್ಯನಾಗಿ ಹೋದ ಎಂದು ಲೆಕ್ಕ. ಜುಲೈ ಹತ್ತಕ್ಕೆ ಊಟ ಇಟ್ಟುಕೊಂಡರು. ಬಿಸಿಗಲ್ಲು ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೋಳಿ, ಕೆಸುವಿನ ಗಡ್ಡೆ, ಮುನ್ನೂರು ಜನ. ಇಯಾವಿನಿರಳ ಮಗ ತೊಮರಾಂಗ್ ಚಕ್ರ ಕತ್ತರಿಸಿದ. ನನ್ನ ಪಾಲನ್ನು ಇಯಾವಿನಿರ್ ತಾನೇ ತಂದು ಮಡಿಲಿಗೆ ಹಾಕಿದಳು. ಒಂದೂವರೆ ಮಾರು ಇತ್ತು. ನಾನು ಅದನ್ನೆತ್ತಿ ಅವಳ ಕಾಲ ಬಳಿ ಚಾಪೆಯ ಮೇಲಿಟ್ಟು, “ಬೇಡ, ತಂಬು” ಅಂದೆ.

ಎಲ್ಲೋ ಒಂದು ಮಗು ಮೂಳೆ ಚೀಪುವ ಸದ್ದು ಮಾತ್ರ ಕೇಳುತ್ತಿತ್ತು.

ಇಲ್ಲಿಯವರ ಪ್ರಕಾರ ಸಾವಿನ ಪಾಲು ಬೇಡವೆಂದರೆ, ಸತ್ತವನು ನನಗೇನೂ ಅಲ್ಲ ಎಂದ ಹಾಗೆ. ನಮ್ಮ ಕಿರಿವಿನಾದಲ್ಲಿ ತದ್ವಿರುದ್ಧ. ಅಲ್ಲಿ ಗಂಡ ಸತ್ತರೆ ಅಳುವುದು ಹೆಂಡತಿಯ ಕೆಲಸ, ಅದಕ್ಕೆ ಗಂಡನ ಕುಲದವರು ಕೂಲಿ ಕೊಟ್ಟಂತೆ, ಅಲ್ಲಿ ಹಣದ ಹಾಗೆ ನಡೆಯುವ ಬಾಳೆ ಎಲೆಯ ಕಟ್ಟುಗಳನ್ನು ಕೊಡುತ್ತಾರೆ. ಇಸಿದುಕೊಂಡರೆ ಅಲ್ಲಿಗೆ ಮುಗಿಯಿತು, ಅವಳು ತನ್ನ ದಾರಿ ಹಿಡಿಯಬಹುದು. ಪಾದ್ರಿಗಳು ಮಾರನೆಯ ಭಾನುವಾರ ಇದನ್ನೇ ಪ್ರಸಂಗದಲ್ಲಿ ಬಿಡಿಸಿ ಹೇಳಿದರು. ಪಾಪ, ಆಕೆ ಗಂಡನ ಋಣ ಹರಿದುಕೊಳ್ಳಲು ಮನಸ್ಸಿಲ್ಲದೆ ತನ್ನ ಊರಿನ ರೂಢಿಯಂತೆ ಬೇಡವೆಂದಳು ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಇಯಾವಿನಿರ್ ಆ ಸರವನ್ನು ತಗೊಂಡು ಹೋಗಿ ತನ್ನ ಮನೆಯ ಮುಂಗಂಬಕ್ಕೆ ಮೊಳೆ ಹೊಡೆದು ನೇತುಹಾಕಿದಳು, ಹೋಗಿ ಬರುವವರೆಲ್ಲ ನೋಡಲಿ ಎಂದು. ಕೇಳಿದವರಿಗೆ “ಊರಿಗ್ ಬಂದೋಳು ನೀರಿಗ್ ಬರ್ದೇ ಇರ್ತಾಳಾ” ಎನ್ನುತ್ತಿದ್ದಳಂತೆ. ಅವಳು ಗಾದೆ ಹೇಳಿದರೂ ಅದು ನಿಜವೇ ಆಗಿತ್ತು. ಎರಡು ಮನೆಗೂ ಒಂದೇ ನೀರಿನ ತೊಟ್ಟಿ, ಅದು ಅವಳ ಅಂಗಳದಲ್ಲಿದೆ. ನಾನು ನಾಲ್ಕು ವಾರ ಹಳ್ಳದಿಂದ ನೀರು ಹೊತ್ತೆ. ಅರವತ್ತೈದರ ಸೊಂಟಕ್ಕೆ ಅದು ಒಳ್ಳೆಯದಲ್ಲ.

ಇದು ಬರೀ ಹೆಂಗಸರ ಮುನಿಸಾಗಿದ್ದರೆ ಬಿಡು. ಈ ಮನೆ ಇರುವುದು ತೊಕೌಲನ ತಾಯಿಯ ಕುಲದ ನೆಲದಲ್ಲಿ. ಗಂಡ ಇರುವವರೆಗೆ ನೀನು ಯಾರೆಂದು ಯಾರೂ ಕೇಳುವುದಿಲ್ಲ, ಆಮೇಲೆ ಕೇಳುತ್ತಾರೆ. ಒಂದು ಸಂಜೆ ತೊಮರಾಂಗ್ ಬಂದು ಮೆಟ್ಟಿಲ ಮೇಲೆ ಕೂತ. “ಅತ್ತೆ, ಮಾವನ ಗೋರಿ ಮೇಲೆ ಶಿಲುಬೆ ನಿಲ್ಸೋ ದಿನದೊಳಗೆ ತಗೊಂಬಿಡಿ. ಇಲ್ದಿದ್ರೆ ಹಿರಿಯರು ಮನೆ ವಿಷಯ ಎತ್ತುತ್ತಾರೆ. ಆಗ ನನ್ ಕೈಲೂ ಆಗಲ್ಲ” ಅಂದ. ಒಳ್ಳೆಯವನು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಶಿಲುಬೆಗೆ ಮೊನ್ನೆಯ ಶುಕ್ರವಾರ ಗೊತ್ತಾಗಿತ್ತು. ಕಿರಿವಿನಾಕ್ಕೆ ಹೋಗೋಣವೆಂದರೆ, ಮೂವತ್ತೆಂಟು ವರ್ಷದ ಮೇಲೆ ಅಲ್ಲಿ ನನ್ನ ಗುರುತು ಹಿಡಿಯುವವರು ಇಬ್ಬರೇ. ಅವರಲ್ಲಿ ಒಬ್ಬಳಿಗೆ ಕಣ್ಣು ಕಾಣುವುದಿಲ್ಲ.

ಗಾಬರಿಯಾಗಬೇಡ, ಎಲ್ಲ ಸರಿಹೋಯಿತು. ಗುರುವಾರ ಮಧ್ಯಾಹ್ನ ಇಯಾವಿನಿರ್ ತಾನೇ ಬಂದಳು. ಮಾತಾಡಿದೆವು, ನಾನು ಇಸಿದುಕೊಂಡೆ. ಶುಕ್ರವಾರ ಶಿಲುಬೆ ನಿಲ್ಲಿಸುವಾಗ ಅವರ ಸಾಲಿನಲ್ಲೇ ಕೂತಿದ್ದೆ. ಈಗ ಊರಿನವರಿಗೆಲ್ಲ ನಾನು ಕಿರಿವಿನಾದ ಪೆದ್ದಿ. ಮೂವತ್ತೆಂಟು ವರ್ಷ ಆದರೂ ನಮ್ಮ ಪದ್ಧತಿ ತಲೆಗೆ ಹತ್ತಲಿಲ್ಲ ನೋಡಿ ಎಂದು ನಗುತ್ತಾರೆ, ನಾನೂ ನಗುತ್ತೇನೆ. ನೀರು ಮತ್ತೆ ಅವಳ ತೊಟ್ಟಿಯದೇ. ನಾನಿರುವವರೆಗೆ ಮನೆ ನನ್ನದೆಂದು ಹಿರಿಯರು ಒಪ್ಪಿದ್ದಾರೆ.

ಮೊಣಕಾಲಿಗೆ ಬಿಸಿ ತೆಂಗಿನೆಣ್ಣೆ ತಿಕ್ಕು, ಸೋಮಾರಿತನ ಮಾಡಬೇಡ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಅವರು ನಿನ್ನಷ್ಟು ಕಟ್ಟುನಿಟ್ಟಾಗದೆ, ನಿನ್ನಷ್ಟು ಗಟ್ಟಿಯಾಗಿ ಬಾಳಲಿ. ದೇವರು ನಿನ್ನ ಮನೆಯ ಸೂರು ಬಿರುಗಾಳಿಯಿಂದ ಕಾಯಲಿ.

ನಿನ್ನ
ಇಬೊಮಾಲ

ಮ. ವಿ.: ಲಕೋಟೆ ಅಂಟಿಸಲು ಹೋಗಿ ನಿಲ್ಲಿಸಿದೆ. ಮೇಲೆ ಬರೆದದ್ದು ಊರಿಗೆ ಹೇಳಿದ ಕಥೆ. ನಿನಗೂ ಅದನ್ನೇ ಕಳಿಸಿದರೆ ಇನ್ನು ನಿಜ ಹೇಳಲು ನನಗೆ ಯಾರೂ ಉಳಿಯುವುದಿಲ್ಲ.

ಈ ಊರಿನ ಸಾವಿನ ಊಟಗಳಿಗೆ ನಾನು ನೂರು ಸಲ ಹೋಗಿದ್ದೇನೆ, ನೂರು ಸಲವೂ ಪಾಲು ಇಸಿದುಕೊಂಡಿದ್ದೇನೆ. ಬೇಡವೆಂದರೆ ಏನರ್ಥವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಅರ್ಥಕ್ಕೇ ಬೇಡ ಅಂದದ್ದು.

ಇನೋಮಳಿಗೆ ನಾಲ್ಕು ದಿನ ಜ್ವರ ಬಂದಾಗ ನೀನು ಪಕ್ಕದಲ್ಲಿ ಕೂತಿದ್ದೆ. ಅವಳ ಮೈ ತೊಳೆದವಳೂ ನೀನೇ. ತೊಕೌಲ್ ಪೆಟ್ಟಿಗೆ ಮಾಡಿದ. ಹಲಗೆಗೆ ಕೀಸುಳಿ ಹಾಕಿದ್ದಕ್ಕೇ ಮತ್ತೆ ಹಾಕುತ್ತಿದ್ದ, ನಿಲ್ಲಿಸಲಿಲ್ಲ. ಚಕ್ರ ನಡುಕೋಣೆಯಲ್ಲೇ ಇತ್ತು. ಅವನ ಸೋದರಮಾವ ಆಗ ಬದುಕಿದ್ದ, ಕುಲದ ಹಿರಿಯ. ಮಗು ತಾಯಿಯ ಕುಲದ್ದು, ಕತ್ತರಿಸುವುದಿದ್ದರೆ ತಾಯಿಯ ಕಡೆಯವರು ಕತ್ತರಿಸಲಿ, ಇನ್ನೊಬ್ಬರ ಮಗುವಿಗೆ ನಮ್ಮ ಚಕ್ರ ಸಣ್ಣದಾಗುವುದು ಬೇಡ ಎಂದ. ನನ್ನ ಕಡೆಯವರು ಎರಡು ಸಮುದ್ರದ ಆಚೆ ಇದ್ದರು. ತೊಕೌಲ್ ತನ್ನ ಪಾದ ನೋಡಿಕೊಂಡು ನಿಂತ. ಇಯಾವಿನಿರ್ ಬಾಗಿಲಲ್ಲಿದ್ದಳು, ಅವಳೂ ಸುಮ್ಮನಿದ್ದಳು. ಬಂದವರೆಲ್ಲ ಚಹಾ ಕುಡಿದು, ಬಿಸ್ಕತ್ತು ತಿಂದು, ಬರಿಗೈಯಲ್ಲಿ ಹೋದರು. ನಿನಗದು ಗೊತ್ತಾಗಲಿಲ್ಲ, ನೀನು ಹೊರಗಿನವಳು. ನನ್ನ ಮಗಳು ಮನುಷ್ಯಳಾಗಿ ಹೋಗಲಿಲ್ಲ ಎಂಬುದು ನನಗೆ ಗೊತ್ತಾಯಿತು. ಆಮೇಲೆ ಇಪ್ಪತ್ತನಾಲ್ಕು ವರ್ಷ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನನ್ನು ಪ್ರೀತಿಸಿದೆ, ಕ್ಷಮಿಸಲಿಲ್ಲ, ಎರಡೂ ನಿಜ. ಅದೇ ಚಕ್ರವನ್ನು ಅವನಿಗೆಂದು ಅಂಗಳಕ್ಕೆ ಉರುಳಿಸಿ ತಂದಾಗ ನನ್ನ ಬಾಯಿಂದ ಬಂದದ್ದು ಅದೊಂದೇ ಮಾತು.

ಗುರುವಾರ ಇಯಾವಿನಿರ್ ಅಡುಗೆಮನೆಗೇ ಬಂದು ಕೂತಳು. ಒಂದೂವರೆ ಮಾರನ್ನು ಪಕ್ಕಕ್ಕಿಟ್ಟು, ರವಿಕೆಯೊಳಗಿಂದ ಎಲೆಯ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದಳು. ಹಳೆಯ ಸರ, ಬೆತ್ತ ಕಪ್ಪಾಗಿತ್ತು.

“ಇನೋಮಂದು” ಅಂದಳು. ಆ ಹೆಸರನ್ನು ಈ ಊರಿನವರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. “ಕೊಟ್ಟಿದ್ನೆಲ್ಲ ನನ್ ಕೈಗೇ ವಾಪಸ್ ಹಾಕೋಳಲ್ಲ. ನಾನು ಪೋಣಿಸ್ತಾ ಬಂದೆ. ಒಂದು ಮಾರಾದ್ಮೇಲೆ ಅವಳ ಕೈಗೇ ಕೊಡೋಣ ಅಂತಿದ್ದೆ. ಗೇಣು ಕಮ್ಮಿ ಬಿತ್ತು.”

ನಾನು ಸರದ ತುದಿಯ ಪಕ್ಕ ಗೇಣು ಹಾಕಿ ನೋಡಿದೆ.

“ಅವತ್ತು ನಾನ್ ಬಾಯ್ ಬಿಡ್‌ಬೇಕಿತ್ತು, ತಂಬು. ಬಿಡ್ಲಿಲ್ಲ. ನೀನ್ ಮೊನ್ನೆ ಬೇಡ ಅಂದಾಗ್ಲೇ ಗೊತ್ತಾಯ್ತು, ಇದು ನಿಮ್ಮೂರ್ ಪದ್ಧತಿ ಅಲ್ಲ ಅಂತ. ಮೊಳೆ ಹೊಡ್ದಿದ್ದು ಸಿಟ್ಟಿಗಲ್ಲ. ನೀನೇ ಬಂದು ಬೈತೀಯ ಅಂತ ಕಾದೆ.”

ಗೆಣಸು ಹೆಚ್ಚುವ ಚಾಕು ಅಲ್ಲೇ ಇತ್ತು. ಅವಳು ಒಂದು ತುದಿ ಹಿಡಿದಳು, ನಾನು ಕತ್ತರಿಸಿದೆ. ಅವಳಿಗೊಂದು ಪಾಲು, ನನಗೊಂದು. ಇನೋಮಳ ಸಾವಿನ ಊಟಕ್ಕೆ ಇದ್ದದ್ದು ಎರಡು ಲೋಟ ಚಹಾ. ಆಮೇಲೆ ಇಬ್ಬರೂ ಅತ್ತೆವು, ಜೋರಾಗಿಯೇ ಅತ್ತೆವು. ಅದಾದ ಮೇಲೆಯೇ ನಾನು ತೊಕೌಲನ ಪಾಲನ್ನು ಕೈಗೆತ್ತಿಕೊಂಡದ್ದು.

ಇನೋಮಳ ಸರದ ನನ್ನ ಪಾಲಿನಿಂದ ಸ್ವಲ್ಪ ಬಿಡಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅವತ್ತು ನೀನೂ ಅತ್ತಿದ್ದೆ, ಬರಿಗೈಯಲ್ಲಿ ಹೋಗಿದ್ದೆ. ಬೇಡ ಅನ್ನಬೇಡ.