ಒಂಬತ್ತನೇ ನಂಬರಿನ ಚರೆ

ವೀರೂ,

ಸಕಲ ದೈವಗಳ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ನಿನ್ನದೊಂದು ಕಾಡತೂಸು ಕದ್ದಿದ್ದೇನೆ. ನೀನು ತೀರಿಕೊಂಡು, ನಿನ್ನ ಶಿವಗಣಾರಾಧನೆ ಮುಗಿದ ಮರುದಿನ, ಬಂದೂಕನ್ನು ಠಾಣೆಗೆ ಒಪ್ಪಿಸಲು ನಿನ್ನ ಹೆಂಡತಿ ಶಾಂಭವಿ ವೈನಿ ನನ್ನನ್ನು ಕರೆಸಿದ್ದರು. ಆಗಲೇ ಕೈಚಳಕ ತೋರಿದೆ.

ಹಾರುವ ಮಣ್ಣಿನ ಬಿಲ್ಲೆ ಹೊಡೆಯುವ ಸ್ಕೀಟ್‌ನಲ್ಲಿ ನೀನು ಚಾಂಪಿಯನ್. ಇಪ್ಪತ್ತೆಂಟು ಇಂಚಿನ ಜೋಡಿ ನಳಿಗೆಯ ಬಂದೂಕು, ಕಾಡತೂಸಿನೊಳಗೆ ಒಂಬತ್ತನೇ ನಂಬರಿನ ಸಣ್ಣ ಸೀಸದ ಚರೆ ಬಿಟ್ಟು ಬೇರೆಯದನ್ನು ನೀನು ಮುಟ್ಟಿದವನಲ್ಲ. ನನಗೂ ಅದೇ ಪೆಟ್ಟಿಗೆಯಿಂದ ಕಾಡತೂಸು ಕೊಡುತ್ತಿದ್ದೆ. ಅದೇ ಪೆಟ್ಟಿಗೆಯದೆಂದು ನಾನು ನಂಬಲಿಲ್ಲ; ಚರೆ ದಪ್ಪವಾದಷ್ಟೂ ಕಾಳು ಕಡಿಮೆ, ಬಿಲ್ಲೆ ತಪ್ಪುವುದು ಹೆಚ್ಚು.

“ನನಗ ದಪ್ಪ ಚರೆ ಕೊಟ್ಟು ಗೆದ್ದಿ ಲೇ!”

“ಹುಚ್ಚ ಹಿಡದೈತೇನಲೇ ನಿನಗ?” ಎಂದು ನೀನು ನಕ್ಕೆ. ನಾನು ಆರು ವರ್ಷ ನಿನ್ನೊಡನೆ ಮಾತು ಬಿಟ್ಟೆ. ಸಮ ಕಾಡತೂಸಿದ್ದರೆ ಚಾಂಪಿಯನ್ ನಾನೇ ಎಂದು ಬೆಟಗೇರಿ ತುಂಬ ಸಾರಿದೆ.

ಇವತ್ತು ನಿನ್ನ ಕಾಡತೂಸನ್ನೂ, ಅಂದು ನೀನು ಕೊಟ್ಟದ್ದರಲ್ಲಿ ನಾನು ಸಾಕ್ಷಿಗೆಂದು ಮುಚ್ಚಿಟ್ಟಿದ್ದ ಒಂದನ್ನೂ ಬಿಚ್ಚಿ, ಚರೆಗಳನ್ನು ಪತ್ತಾರ ಬಾಬಣ್ಣನ ಬಂಗಾರದ ತಕ್ಕಡಿಯಲ್ಲಿ ತೂಗಿಸಿದೆ. ತಕ್ಕಡಿಯ ಮೇಲೂ ಅನುಮಾನ ಬಂದು ಮತ್ತೊಮ್ಮೆ ತೂಗಿಸಿದೆ.

“ಎರಡೂ ಇಪ್ಪತ್ನಾಕ ಗ್ರಾಂ ಅದಾವ್ರಿ ಸರ. ಕಾಳೂ ಒಂದ ನಮೂನಿ. ಯಾರ ಮ್ಯಾಲ ಸಂಶೇ ನಿಮಗ?”

ಚರೆಗಳನ್ನು ಪೊಟ್ಟಣ ಕಟ್ಟಿಕೊಂಡು ಅಂಗಡಿಯಿಂದ ಹೊರಬಿದ್ದೆ.

ಖರೆ ಹೇಳುತ್ತೇನೆ ವೀರೂ: ಸದ್ದಿಗೆ ಹೆದರಿ, ಗುಂಡು ಹಾರಿಸುವಾಗಲೆಲ್ಲ ನಾನು ಎರಡೂ ಕಣ್ಣು ಮುಚ್ಚುತ್ತಿದ್ದೆ.